ಬೋರ್ಡಿನಲ್ಲಿ ಬರೆಸಿದ್ದು ಬಾಟಲಿಯಲ್ಲೂ ಇರಬೇಕು ಅಂದ್ರೆ ಗಾಣದವರು ಏನೇನು ಮಾಡ್ಬೇಕು?

ಗಾಣದ_ಬಾಗಿಲು:
ಚಿತ್ರದುರ್ಗ ಕಡೆಯ ಸಣ್ಣ ಗಾಣ. 3 ಎಚ್‌ಪಿ ಮೋಟಾರು, ಮರದ ಒರಳು, ಮರದ ಒನಕೆ, ಒಂದು ಸಲಕ್ಕೆ 15 ಕೆಜಿ ಬೀಜ ಹಿಡಿಯುತ್ತೆ. ಹೆಚ್ಚಾಗಿ ಕಡಲೆಕಾಯಿ, ಜೊತೆಗೆ ಕೊಬ್ಬರಿ, ಎಳ್ಳು. ಈಗ ಬೋರ್ಡ್ ಬರೆಸಬೇಕು. ಅಕ್ಕಪಕ್ಕದ ಗಾಣಗಳದ್ದನ್ನ ನೋಡಿ ಪೇಂಟರ್ ಪಟ್ಟಿ ತಂದಿದ್ದಾನೆ: "ಶುದ್ಧ ಮರದ ಗಾಣ", "ಕೋಲ್ಡ್ ಪ್ರೆಸ್ಡ್", "100% ಸಾವಯವ", "ನಮ್ಮೂರ ರೈತರ ಕಡಲೆಕಾಯಿ", "ಕೊಲೆಸ್ಟ್ರಾಲ್ ಇಲ್ಲ, ಹೃದಯಕ್ಕೆ ಹಿತ", "ಬೆರಕೆ ತೋರಿಸಿದವರಿಗೆ ಬಹುಮಾನ".
ಇವುಗಳಲ್ಲಿ ಯಾವುದನ್ನ ವರ್ಷಪೂರ್ತಿ, ಪ್ರತಿ ಗಾಣಕ್ಕೂ ಉಳಿಸಿಕೊಳ್ಳಬಹುದು? ಯಾವುದು ಬರೀ ಮಾತು? "ಎಲ್ಲರೂ ಬರೆಸ್ತಾರೆ, ನೀವೂ ಬರೆಸಿ" ಅನ್ನೋ ಉತ್ತರ ಬೇಡ. ಕೆಲಸ ಗೊತ್ತಿರೋರು ಹೇಳಿ.

ಒಗ್ಗರಣೆ_ಸೌಟು:
ಬಹುಮಾನದ ಸಾಲು ಮೊದಲು ತೆಗೆಸಿ. ಬಹುಮಾನ ಕೊಡ್ತೀನಿ ಅನ್ನೋ ಅಂಗಡೀಲಿ ಯಾರೂ ಬಹುಮಾನ ತಗೊಂಡಿದ್ದು ಕಾಣೆ.

ಲ್ಯಾಬ್_ಬೆಂಚು:
ಐದನೇ ಸಾಲು ಕಾನೂನಿಗೇ ವಿರುದ್ಧ. ಎಣ್ಣೆಯ ಲೇಬಲ್ ಮೇಲೆ "ಕೊಲೆಸ್ಟ್ರಾಲ್ ವಿರೋಧಿ", "ಹೃದಯಕ್ಕೆ ಹಿತ", "ಡಬಲ್ ರಿಫೈನ್ಡ್", "ಅಲ್ಟ್ರಾ ರಿಫೈನ್ಡ್" ಈ ಥರದ ಪದಗಳನ್ನ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಹೆಸರು ಹಿಡಿದೇ ನಿಷೇಧಿಸಿದೆ. ಅದಿರಲಿ, ಗಿಡದ ಎಣ್ಣೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರೋದೇ ಇಲ್ಲ. ಪಾಮೋಲಿನ್‌ನಲ್ಲೂ ಇಲ್ಲ. ನಿಮ್ಮ ಎಣ್ಣೆಯಲ್ಲಿ ಮಾತ್ರ ಇಲ್ಲ ಅನ್ನೋ ಭಾವನೆ ಹುಟ್ಟಿಸೋಕ್ಕೆ ಬರೆಸೋದು ತಾನೇ? ನಿಜವಾದ ಮಾತನ್ನೇ ಹೇಳಿ ಸುಳ್ಳನ್ನ ನಂಬಿಸೋ ದಾರಿ ಅದು.

ಲೆಕ್ಕದ_ಪುಸ್ತಕ:
ಬೋರ್ಡ್ ಆಮೇಲೆ ನೋಡೋಣ, ಮೊದಲು ಒಂದು ಉದ್ದ ನೋಟ್‌ಬುಕ್ ತನ್ನಿ. ಗಾಣದವರ ಮಾತು ನಿಜವೋ ಸುಳ್ಳೋ ಅನ್ನೋದು ಅದರಲ್ಲೇ ತಿಳಿಯುತ್ತೆ.
ಪ್ರತಿ ಗಾಣಕ್ಕೆ ಒಂದು ಸಾಲು: ತಾರೀಕು, ಬೀಜ ಎಲ್ಲಿಂದ ಬಂತು, ಎಷ್ಟು ಕೆಜಿ ಹಾಕಿದ್ದು, ಎಣ್ಣೆ ಎಷ್ಟು ಬಂತು, ಹಿಂಡಿ ಎಷ್ಟು, ಮಡ್ಡಿ ಎಷ್ಟು. ಒಳ್ಳೆ ಕಡಲೆಬೀಜದಲ್ಲಿ ಎಣ್ಣೆ ಶೇ. 45ರಿಂದ 50 ಇದ್ದರೂ ಮರದ ಗಾಣ ಅಷ್ಟನ್ನೂ ಹಿಂಡಲ್ಲ. 15 ಕೆಜಿ ಹಾಕಿದರೆ ಸುಮಾರು 6 ಲೀಟರ್, ಅಂದರೆ ಐದೂವರೆ ಕೆಜಿ ಎಣ್ಣೆ, 9 ಕೆಜಿ ಹಿಂಡಿ. ಉಳಿದ ಅರ್ಧ ಕೆಜಿ ಮಡ್ಡಿ, ತೇವ, ಗಾಣಕ್ಕೆ ಅಂಟಿಕೊಂಡಿದ್ದು. ಲೀಟರ್‌ಗೆ ಎರಡೂವರೆ ಕೆಜಿ ಬೀಜ ಅಂತ ಬಾಯಿಪಾಠ ಮಾಡಿಕೊಳ್ಳಿ.
ತಿಂಗಳಿಗೆ 500 ಕೆಜಿ ಬೀಜದ ಬಿಲ್ ಇರೋನು 200 ಲೀಟರ್ ಮಾರಬಹುದು. 350 ಲೀಟರ್ ಮಾರಿದ್ದಾನೆ ಅಂದರೆ ಮಿಕ್ಕ 150 ಲೀಟರ್ ಎಲ್ಲಿಂದ ಬಂತು? ಇದಕ್ಕೆ ಲ್ಯಾಬ್ ಬೇಡ, ಕೂಡು-ಕಳೆಯೋದು ಸಾಕು. ಪುಸ್ತಕವನ್ನ ಕೌಂಟರ್ ಮೇಲೇ ಇಡಿ, ಯಾರು ಬೇಕಾದರೂ ತಿರುವಿ ನೋಡಲಿ.

ಚೀಲ_ದಾರ:
ಯಾವ ಗ್ರಾಹಕ ಪುಸ್ತಕ ತಿರುವಿ ನೋಡ್ತಾನೆ ಸ್ವಾಮಿ? ಅವನಿಗೆ ಬೇಕಾಗಿರೋದು ರೇಟು.

ಲೆಕ್ಕದ_ಪುಸ್ತಕ:
ರೇಟಿನ ಲೆಕ್ಕವನ್ನೂ ಗೋಡೆ ಮೇಲೆ ಬರೆಯಲಿ. ಬೀಜ ಕೆಜಿಗೆ 120 ಅಂತ ಇಟ್ಕೊಳ್ಳಿ (ದಿನದಿನಕ್ಕೆ ಬದಲಾಗುತ್ತೆ, ಇದು ಲೆಕ್ಕಕ್ಕೆ ಮಾತ್ರ). ಎರಡೂವರೆ ಕೆಜಿಗೆ 300. ಹಿಂಡಿ ಒಂದೂವರೆ ಕೆಜಿ ವಾಪಸ್ಸು ಬರುತ್ತೆ, ಕೆಜಿಗೆ 40 ಅಂದರೆ 60 ರೂಪಾಯಿ. ಉಳೀತು 240. ಬಾಟಲಿ, ಕರೆಂಟು, ಕೂಲಿ ಸೇರಿ 40 ಹಾಕಿ. ಲಾಭ ಸೇರಿಸೋ ಮೊದಲೇ 280. ಬೀಜ 120 ಇರೋ ದಿನ 170ಕ್ಕೆ "ಶುದ್ಧ ಗಾಣದೆಣ್ಣೆ" ಮಾರೋನು ಒಂದೋ ಧರ್ಮಛತ್ರ ನಡೆಸ್ತಿದ್ದಾನೆ, ಇಲ್ಲಾ...

ಒಗ್ಗರಣೆ_ಸೌಟು:
ಇಲ್ಲಾ ಟ್ಯಾಂಕರ್ ತರಿಸ್ತಿದ್ದಾನೆ 😀

ಗುರೆಳ್ಳು_ಹಿಂಡಿ:
ನಮ್ಮ ಕಡೆ ಕುಸುಬಿದೂ ಇದs ಕಥಿ ರೀ. ಕುಸುಬಿ ಕಾಳಿನಾಗ ಸಿಪ್ಪಿನೇ ಜಾಸ್ತಿ, ಎಣ್ಣಿ ಕಡಿಮಿ. ಗಾಣದಾಗ ಒಂದು ಲೀಟರಿಗೆ ಮೂರೂವರಿಯಿಂದ ನಾಕ್ ಕೆಜಿ ಕಾಳು ಬೇಕು. ಕಲಬುರಗಿ, ವಿಜಯಪುರ ಕಡೆ ಕುಸುಬಿ ಬಿತ್ತೂದೂ ಮೊದಲಿನಂಗ ಇಲ್ಲ. ಹಂಗಿದ್ದೂ ಓಣಿಗೊಂದು "ಶುದ್ಧ ಕುಸುಬಿ ಎಣ್ಣಿ" ಬೋರ್ಡ್ ಹೆಂಗ ಬಂತು ಅಂತ ಯಾರೂ ಕೇಳಂಗಿಲ್ಲ. ಪುಸ್ತಕದ ಮಾತು ಖರೇ ಐತಿ.

ಕಂಟ್ರಾಕ್ಟ್_ಕಾಕಾ:
ಎಲ್ಲರೂ ಹರಿಶ್ಚಂದ್ರರಾಗೋಕ್ಕೆ ಹೋಗಬೇಡಿ. ಹಬ್ಬದ ಸೀಸನ್‌ನಲ್ಲಿ ಬೀಜ ಸಿಗಲ್ಲ, ಸಿಕ್ಕಿದರೂ ರೇಟು ನೆತ್ತಿಗೇರಿರುತ್ತೆ. ನೂರಕ್ಕೆ 20 ಪಾಲು ರಿಫೈನ್ಡ್ ಸೇರಿಸಿದರೆ ವಾಸನೆಯೂ ಹೋಗಲ್ಲ, ಆರೋಗ್ಯಕ್ಕೂ ತೊಂದರೆ ಇಲ್ಲ. ಅದೂ ತಿನ್ನೋ ಎಣ್ಣೆಯೇ ತಾನೇ? ಗಿರಾಕಿ ಉಳಿಯೋದು ಮುಖ್ಯ.

ಲ್ಯಾಬ್_ಬೆಂಚು:
ಕಾಕಾ, ಗೊತ್ತಾಗಲ್ಲ ಅನ್ನೋದು ಮೂಗಿನ ಮಟ್ಟಿಗೆ ಮಾತ್ರ. ಕಡಲೆಕಾಯಿ ಎಣ್ಣೆಯಲ್ಲಿ ಪಾಮಿಟಿಕ್ ಅನ್ನೋ ಕೊಬ್ಬಿನ ಆಮ್ಲ ಸಾಮಾನ್ಯವಾಗಿ ಶೇ. 14ರ ಒಳಗೆ, ಹೆಚ್ಚಾಗಿ 10-12ರ ಆಸುಪಾಸು. ಪಾಮೋಲಿನ್‌ನಲ್ಲಿ ಅದು 40ರ ಹತ್ತಿರ. 80 ಪಾಲು ಅದು, 20 ಪಾಲು ಇದು ಸೇರಿಸಿದರೆ ಸುಮಾರು 17ಕ್ಕೆ ಹೋಗುತ್ತೆ. ಗ್ಯಾಸ್ ಕ್ರೊಮ್ಯಾಟೊಗ್ರಫಿ ವರದಿಯ ಒಂದೇ ಸಾಲಲ್ಲಿ ಸಿಕ್ಕಿಬೀಳ್ತೀರಿ.
ಹಳೇ ಪರೀಕ್ಷೆಗಳೂ ಇವೆ. ಕಡಲೆಕಾಯಿ ಎಣ್ಣೆಯ ಬಿ.ಆರ್. ರೀಡಿಂಗ್ (ಎಣ್ಣೆಯಲ್ಲಿ ಬೆಳಕು ಎಷ್ಟು ಬಾಗುತ್ತೆ ಅನ್ನೋ ಅಳತೆ) 40 ಡಿಗ್ರಿಯಲ್ಲಿ 54.0ರಿಂದ 57.1, ಅಯೋಡಿನ್ ಮೌಲ್ಯ 85ರಿಂದ 99, ಬೆಲಿಯರ್ ಪರೀಕ್ಷೆಯಲ್ಲಿ 39ರಿಂದ 41 ಡಿಗ್ರಿಗೆ ಮಬ್ಬಾಗಬೇಕು. ಬಿ.ಆರ್. ಒಂದನ್ನೇ ನೋಡಿದರೆ ಸ್ವಲ್ಪ ಬೆರಕೆ ಮಿತಿಯೊಳಗೇ ನುಸುಳಿಕೊಂಡು ಹೋಗಬಹುದು. ಆದ್ದರಿಂದ "ಲ್ಯಾಬ್ ಟೆಸ್ಟ್ ಆಗಿದೆ" ಅಂತ ಯಾರಾದರೂ ಕಾಗದ ತೋರಿಸಿದರೆ ಯಾವ ಟೆಸ್ಟ್ ಅಂತ ಕೇಳಿ. ಫ್ಯಾಟಿ ಆಸಿಡ್ ಪ್ರೊಫೈಲ್, ಅಂದರೆ ಯಾವ ಕೊಬ್ಬಿನ ಆಮ್ಲ ಎಷ್ಟು ಅನ್ನೋ ಪಟ್ಟಿ, ಇಲ್ಲದ ವರದಿಯಿಂದ ಬೆರಕೆ ಇಲ್ಲ ಅಂತ ಹೇಳೋಕ್ಕಾಗಲ್ಲ.

ಕಾಯ್ದೆ_ಕಟ್ಟು:
ಒಂದು ತಿದ್ದುಪಡಿ. ಎರಡು ಎಣ್ಣೆ ಸೇರಿಸೋದೇ ಅಪರಾಧ ಅಂತ ಇಲ್ಲಿ ಎಲ್ಲರೂ ಅಂದುಕೊಂಡ ಹಾಗಿದೆ. ಅಲ್ಲ. ಸೇರಿಸಿ ಮಾರಬಹುದು, ಆದರೆ ಹೇಳಿ ಮಾರಬೇಕು. ಮಿಶ್ರ ಖಾದ್ಯ ಎಣ್ಣೆ ಅನ್ನೋ ವರ್ಗವೇ ಇದೆ. ಎರಡೇ ಎಣ್ಣೆ ಇರಬೇಕು, ಯಾವುದೂ ತೂಕದಲ್ಲಿ ಶೇ. 20ಕ್ಕಿಂತ ಕಡಿಮೆ ಇರಬಾರದು, ಸೀಲ್ ಆದ ಪ್ಯಾಕ್ ಬೇಕು, ಯಾವುದು ಶೇಕಡಾ ಎಷ್ಟು ಅಂತ ಲೇಬಲ್ ಮೇಲೆ ಇರಬೇಕು. ಕಾಕಾ ಹೇಳಿದ 80-20 ಈ ದಾರಿಯಲ್ಲಿ ಹೋದರೆ ಸರಿ. "ಶುದ್ಧ ಗಾಣ" ಬೋರ್ಡಿನ ಕೆಳಗೆ ಹೋದರೆ ಕಲಬೆರಕೆ. ಎಣ್ಣೆ ಎರಡರಲ್ಲೂ ಅದೇ.

ಕಂಟ್ರಾಕ್ಟ್_ಕಾಕಾ:
ಇಷ್ಟೆಲ್ಲ ಮಾಡೋ ಖರ್ಚಿನಲ್ಲಿ ಸಣ್ಣ ಗಾಣ ಮುಚ್ಚಿಹೋಗುತ್ತೆ.

ಕಾಯ್ದೆ_ಕಟ್ಟು:
ಹಾಗಾದರೆ ಬೆರೆಸಬೇಡಿ. ಸೀಸನ್‌ನಲ್ಲಿ "ಇವತ್ತು ಕಡಲೆಕಾಯಿ ಎಣ್ಣೆ ಇಲ್ಲ" ಅಂತ ಸ್ಲೇಟು ನೇತುಹಾಕಿ. ಅದಕ್ಕೆ ಯಾವ ಲೈಸೆನ್ಸೂ ಬೇಡ.

ಬಂಗುಡೆ_ಫ್ರೈ:
ಎಂತ ಮಾರಾಯ್ರೆ, ಇಷ್ಟೆಲ್ಲ ಯಾಕೆ? ಫ್ರಿಜ್ಜಿನಲ್ಲಿ ಇಟ್ಟರೆ ಗೊತ್ತಾಗ್ತದಲ್ಲ? ಗಟ್ಟಿಯಾದರೆ ಬೆರಕೆ ಉಂಟು, ಇಲ್ಲದಿದ್ದರೆ ಶುದ್ಧ. ವಾಟ್ಸಾಪಿನಲ್ಲಿ ವಿಡಿಯೋ ಬಂದಿತ್ತು.

ಲ್ಯಾಬ್_ಬೆಂಚು:
ಆ ವಿಡಿಯೋ ಅರ್ಧ ನಿಜ. ಪಾಮೋಲಿನ್ ಫ್ರಿಜ್ಜಿನ ತಂಪಿಗೆ ಬೇಗ ಮಬ್ಬಾಗುತ್ತೆ, ನಿಜ. ಆದರೆ ಶುದ್ಧ ಕಡಲೆಕಾಯಿ ಎಣ್ಣೆಯೂ ತಂಪಲ್ಲಿ ಹೊತ್ತು ಕಳೆದಂತೆ ಮಬ್ಬಾಗಿ ದಪ್ಪಗಾಗುತ್ತೆ. ಇನ್ನೊಂದು ಕಡೆ ಸೂರ್ಯಕಾಂತಿ, ಸೋಯಾ ರಿಫೈನ್ಡ್ ಹೆಚ್ಚಾಗಿ ಬೆರೆಸಿದ್ದರೆ ಫ್ರಿಜ್ಜಿನಲ್ಲಿ ತಿಳಿಯಾಗೇ ಇರಬಹುದು, ನೀವು ಶುದ್ಧ ಅಂತ ಸರ್ಟಿಫಿಕೇಟ್ ಕೊಟ್ಟುಬಿಡ್ತೀರಿ. ನಿಮ್ಮ ಕಡೆಯ ತೆಂಗಿನೆಣ್ಣೆ 24 ಡಿಗ್ರಿ ಕೆಳಗೆ ಹೇಗಿದ್ದರೂ ಗಟ್ಟಿಯಾಗುತ್ತೆ.

ಬಂಗುಡೆ_ಫ್ರೈ:
ಓಹೋ. ಹಾಗಾದರೆ ನಮಗೆ ಬೆಂಗಳೂರಿನ ಚಳಿಯಲ್ಲಿ ಗಟ್ಟಿಯಾಗದ "ಶುದ್ಧ ತೆಂಗಿನೆಣ್ಣೆ" ಸಿಕ್ಕಿದರೆ ಅದರ ಬಗ್ಗೆ ಸಂಶಯ ಪಡ್ಬೇಕು ಅಂತ ಆಯ್ತು.

ಬಾಗೆ_ಮರ:
ಕೋಲ್ಡ್ ಪ್ರೆಸ್ಡ್ ಸಾಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ಅತಿ ಹೆಚ್ಚು ಸುಳ್ಳು ಇರೋದು ಅಲ್ಲೇ.
ಎತ್ತಿನ ಗಾಣ ನಿಮಿಷಕ್ಕೆ ಎರಡು-ಮೂರು ಸುತ್ತು. ಮೋಟಾರಿನ ಮರದ ಗಾಣ 12ರಿಂದ 15 ಸುತ್ತು, ಒಂದು ಗಾಣಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಈ ವೇಗದಲ್ಲಿ ಎಣ್ಣೆ ಕೈಗೆ ಉಗುರುಬೆಚ್ಚಗೆ ಸಿಗುತ್ತೆ, 40-45 ಡಿಗ್ರಿ. ಬೇಗ ಮುಗಿಯಲಿ ಅಂತ ಪುಲ್ಲಿ ಬದಲಾಯಿಸಿ ವೇಗ ಹೆಚ್ಚಿಸ್ತಾರಲ್ಲ, ಆಗ ತಿಕ್ಕಾಟಕ್ಕೆ ಶಾಖ ಏರುತ್ತೆ, ಒನಕೆಯ ತುದಿ ಸುಟ್ಟ ವಾಸನೆ ಬರುತ್ತೆ. ಮರದ ಗಾಣವೇ, ಆದರೆ ಕೋಲ್ಡ್ ಅಲ್ಲ.
ಇನ್ನು ಕೌಂಟರ್ ಮೇಲೆ ಇಡೋ ಸಣ್ಣ ಸ್ಕ್ರೂ ಯಂತ್ರ. ಅದಕ್ಕೆ ಹೀಟರ್ ಇರುತ್ತೆ, ಬ್ಯಾರೆಲ್ ಕಾಯಿಸಿಯೇ ಹಿಂಡೋದು. ಕಣ್ಣೆದುರೇ ಎಣ್ಣೆ ಬರುತ್ತೆ ಅಂತ ಜನ ನಂಬ್ತಾರೆ. ಕಣ್ಣೆದುರೇ ಹಿಂಡಿದ್ದು ನಿಜ, ಕೋಲ್ಡ್ ಅನ್ನೋದು ಮಾತ್ರ ಸುಳ್ಳು. ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಕೋಲ್ಡ್ ಪ್ರೆಸ್ಡ್ ಅಂದರೆ ಹೊರಗಿನಿಂದ ಶಾಖ ಕೊಡದೆ ಯಂತ್ರದಿಂದ ಮಾತ್ರ ತೆಗೆದದ್ದು. ಆಮೇಲೆ ತೊಳೆಯೋದು, ತಿಳಿ ಇಳಿಸೋದು, ಸೋಸೋದು, ಸೆಂಟ್ರಿಫ್ಯೂಜ್, ಇಷ್ಟೇ.

ಗಾಣದ_ಬಾಗಿಲು:
ಬಾಗೆ_ಮರ ಅಣ್ಣಾ, ಕೆಲವರು ಬೀಜವನ್ನ ಗಾಣಕ್ಕೆ ಹಾಕೋ ಮುಂಚೆ ಬಾಣಲೆಯಲ್ಲಿ ಸ್ವಲ್ಪ ಬಿಸಿ ಮಾಡ್ತಾರಲ್ಲ? ಬಿಸಿಲಿಗೆ ಒಣಗಿಸೋದು?

ಬಾಗೆ_ಮರ:
ಬಿಸಿಲಿಗೆ ಒಣಗಿಸೋದು ಬೇಕೇ ಬೇಕು, ತೇವ ಶೇ. 7ರ ಹತ್ತಿರಕ್ಕೆ ಇಳೀಬೇಕು. ಜಾಸ್ತಿ ತೇವ ಇದ್ದರೆ ಗಾಣದಲ್ಲಿ ಹಿಟ್ಟು ಮುದ್ದೆಯಾಗಿ ತಿರುಗುತ್ತೆ, ಎಣ್ಣೆ ಬಿಡಲ್ಲ. ಬಾಣಲೆಯಲ್ಲಿ ಹುರಿದರೆ ಇಳುವರಿ ಹೆಚ್ಚುತ್ತೆ, ಘಮ ಬರುತ್ತೆ, ಕೆಲವರಿಗೆ ಆ ಘಮವೇ ಬೇಕು. ಹುರಿದು ಹಿಂಡಿ, ಅಡ್ಡಿಯಿಲ್ಲ. "ಹುರಿದ ಬೀಜದ ಎಣ್ಣೆ" ಅಂತ ಬೇರೆ ಡಬ್ಬಿ, ಬೇರೆ ಚೀಟಿ. ಎಣ್ಣೆ ಬೀಳೋ ಬಾಯಿಗೆ 200 ರೂಪಾಯಿಯ ಥರ್ಮಾಮೀಟರ್ ಹಿಡಿದು ನೋಡಿ, ಅದನ್ನೂ ಆ ನೋಟ್‌ಬುಕ್‌ಗೆ ಬರೀರಿ.

ಎಳ್ಳು_ಜೀರಿಗೆ:
ನನ್ನ ಪ್ರಶ್ನೆ. ಎಳ್ಳೆಣ್ಣೆ ತೆಗೆಯುವಾಗ ಬೆಲ್ಲ ಹಾಕ್ತಾರೆ. ಅದು ಬೆರಕೆ ಅಲ್ವಾ? "100% ಎಳ್ಳು" ಅಂತ ಹೇಗೆ ಬರೀತಾರೆ?

ಬಾಗೆ_ಮರ:
ಅಲ್ಲ. ಬೆಲ್ಲ ಎಣ್ಣೆಯಲ್ಲಿ ಕರಗಲ್ಲ. ಅರೆದ ಎಳ್ಳು ಹಿಡಿದುಕೊಳ್ಳಲಿ ಅಂತ ಹಾಕೋದು, ಹತ್ತು ಕೆಜಿಗೆ ಅರ್ಧ ಕೆಜಿಯಷ್ಟು, ಜೊತೆಗೆ ಸ್ವಲ್ಪ ನೀರು ಚಿಮುಕಿಸ್ತಾರೆ. ಹಿಟ್ಟು ಕಟ್ಟಿಕೊಂಡು ಎಣ್ಣೆ ಬೇರೆಯಾಗುತ್ತೆ, ಬೆಲ್ಲ ಪೂರ್ತಿ ಹಿಂಡಿಗೆ ಹೋಗುತ್ತೆ. ಅದಕ್ಕೇ ಎಳ್ಳಿಂಡಿ ಸಿಹಿ.

ಎಳ್ಳು_ಜೀರಿಗೆ:
ಎಣ್ಣೆಗೆ ಬರಲ್ಲ ಅಂದ್ರೆ ಹೇಳಬೇಕಾಗಿಲ್ಲ ಅಂತಲೋ?

ಬಾಗೆ_ಮರ:
ನನ್ನ ಕೇಳಿದರೆ ಹೇಳಬೇಕು. ಕೇಳೋ ಮೊದಲೇ ಹೇಳಿದರೆ ಅದು ವಿಧಾನ ಅನ್ನಿಸುತ್ತೆ. ಗಿರಾಕಿ ತಾನಾಗಿ ನೋಡಿ ಕೇಳಿದ ಮೇಲೆ ಹೇಳಿದರೆ ಸಿಕ್ಕಿಬಿದ್ದ ಹಾಗೆ ಕಾಣುತ್ತೆ.

ಕಾಯ್ದೆ_ಕಟ್ಟು:
ಎಳ್ಳಿನ ವಿಷಯ ಬಂತು ಅಂತ ಒಂದು ಅಡ್ಡ ಮಾತು. ವನಸ್ಪತಿಯನ್ನ ತುಪ್ಪಕ್ಕೆ ಬೆರೆಸಿ ಮಾರೋರನ್ನ ಹಿಡಿಯೋಕ್ಕೆ ನಮ್ಮ ದೇಶದಲ್ಲಿ ವನಸ್ಪತಿಗೆ ಎಳ್ಳೆಣ್ಣೆ ಸೇರಿಸಲೇಬೇಕು ಅನ್ನೋ ನಿಯಮ ತಂದರು. ಎಳ್ಳೆಣ್ಣೆ ಇದ್ದರೆ ಬೌಡೋಯಿನ್ ಪರೀಕ್ಷೆಯಲ್ಲಿ ಕಡುಗೆಂಪು ಬಣ್ಣ ಬರುತ್ತೆ. ತುಪ್ಪದ ಸ್ಯಾಂಪಲ್ ಕೆಂಪಾಯಿತು ಅಂದರೆ ವನಸ್ಪತಿ ಸೇರಿದೆ ಅಂತ. ಮಾರೋನು ಬಾಯಿ ಬಿಡದಿದ್ದರೂ ಸರಕೇ ಬಾಯಿ ಬಿಡಲಿ ಅನ್ನೋ ಉಪಾಯ.

ಹೊಲದ_ಬದು:
"ನಮ್ಮೂರ ರೈತರ ಕಡಲೆಕಾಯಿ" ಅನ್ನೋ ಸಾಲಿಗೆ ಬನ್ನಿ. ಮುಂಗಾರಿನ ಕಾಯಿ ಕೀಳೋದು ಸೆಪ್ಟೆಂಬರಿನಿಂದ ನವೆಂಬರ್, ಬೇಸಿಗೆ ಬೆಳೆ ಏಪ್ರಿಲ್-ಮೇ, ಅದೂ ನೀರಾವರಿ ಇರೋ ಕಡೆ ಮಾತ್ರ. ಚಳ್ಳಕೆರೆ, ಪಾವಗಡ, ಶಿರಾ ಕಡೆ ಮಳೆ ಕೈಕೊಟ್ಟ ವರ್ಷ ಊರಲ್ಲಿ ಬಿತ್ತನೆಗೇ ಕಾಯಿ ಇರಲ್ಲ. ಆಗ ಮಂಡಿಗೆ ಬರೋದು ಆಂಧ್ರದ್ದೋ ಗುಜರಾತಿನದೋ. ಅದೇನು ಕೆಟ್ಟ ಬೀಜ ಅಲ್ಲ. ಆದರೆ ಬೋರ್ಡ್ ಮೇಲೆ ಪೇಂಟಲ್ಲಿ "ನಮ್ಮೂರು" ಅಂತ ಬರೆಸಿದರೆ ವರ್ಷದಲ್ಲಿ ಅರ್ಧ ಕಾಲ ಸುಳ್ಳು ನೇತಾಡ್ತಿರುತ್ತೆ.
ಬದಲಾಗೋ ವಿಷಯವನ್ನ ಪೇಂಟಲ್ಲಿ ಬರೆಸಬಾರದು, ಸೀಮೆಸುಣ್ಣದಲ್ಲಿ ಬರೀಬೇಕು. "ಈ ವಾರದ ಬೀಜ: ಹಿರಿಯೂರು ಮಂಡಿ, ಕೆ-6 ತಳಿ" ಅಂತ ಸ್ಲೇಟಲ್ಲಿ ಹಾಕಿ. ಮುಂದಿನ ವಾರ ಅಳಿಸಿ ಬೇರೆ ಬರೀರಿ. ಕಾಯಿ ತಂದು ನೀವೇ ಸುಲಿಸಿದರೆ 100 ಕೆಜಿಗೆ 65-70 ಕೆಜಿ ಬೀಜ ಅಂತ ಲೆಕ್ಕ ಇಟ್ಕೊಳ್ಳಿ.

ಒಗ್ಗರಣೆ_ಸೌಟು:
ಬಸವನಗುಡಿ ಪರಿಷೆಯಲ್ಲೂ ಹಂಗೇ ಅಲ್ವಾ, ಎಲ್ಲಿಂದಲೋ ಬಂದ ಕಾಯಿ ಎಲ್ಲಾ ಮಾಗಡಿ ಕಾಯಿ ಆಗಿಬಿಡುತ್ತೆ 😄

ಹೊಲದ_ಬದು:
ಪರಿಷೆಗೆ ಕರ್ನಾಟಕ, ಆಂಧ್ರ, ತಮಿಳುನಾಡು ಎಲ್ಲಾ ಕಡೆಯಿಂದಲೂ ಬರುತ್ತೆ, ಅದನ್ನ ಯಾರೂ ಮುಚ್ಚಿಟ್ಟಿಲ್ಲ. ಕೇಳಿ ನೋಡಿ, ಮಾರೋರೇ ಊರು ಹೇಳ್ತಾರೆ.
"100% ಸಾವಯವ" ಸಾಲನ್ನೂ ತೆಗೆಸಿ. ಸರ್ಟಿಫಿಕೇಟ್ ಇರೋ ಬೀಜ ಅಂದರೆ ಎನ್‌ಪಿಒಪಿ ಅಥವಾ ಪಿಜಿಎಸ್ (ಸಾವಯವ ಅಂತ ಪ್ರಮಾಣಪತ್ರ ಕೊಡೋ ಎರಡು ವ್ಯವಸ್ಥೆಗಳು) ಇರಬೇಕು. ತಾನೇ ಬೆಳೆದು ನೇರವಾಗಿ ಗ್ರಾಹಕನಿಗೆ ಮಾರೋ ಸಣ್ಣ ರೈತರಿಗೆ ಸ್ವಲ್ಪ ವಿನಾಯಿತಿ ಇದೆ, ಮಂಡಿಯಲ್ಲಿ ಕೊಂಡು ಹಿಂಡೋ ಗಾಣಕ್ಕೆ ಅದು ಅನ್ವಯಿಸಲ್ಲ. ಮಂಡಿ ಚೀಲದ ಮೇಲೆ ಯಾವ ಔಷಧಿ ಹೊಡೆದರು ಅಂತ ಬರೆದಿರಲ್ಲ.

ಚೀಲ_ದಾರ:
"ರಾಸಾಯನಿಕ ಬಳಸದೆ ತೆಗೆದ ಎಣ್ಣೆ" ಅಂದ್ರೆ?

ಹೊಲದ_ಬದು:
ಅದು ಆಗಬಹುದು, ನಿಜವೂ ಹೌದು. ಹಿಂಡೋದರಲ್ಲಿ ಎಣ್ಣೆ ಕರಗಿಸಿ ತೆಗೆಯೋ ಹೆಕ್ಸೇನ್ ದ್ರಾವಕ ಇಲ್ಲ, ಬ್ಲೀಚಿಂಗ್ ಇಲ್ಲ. ಹೊಲದ ಬಗ್ಗೆ ಅದು ಏನೂ ಹೇಳ್ತಿಲ್ಲ, ಹೇಳಿದ ಹಾಗೆ ನಟಿಸೋದೂ ಇಲ್ಲ.

ಲ್ಯಾಬ್_ಬೆಂಚು:
ಎಲ್ಲರೂ ಬೆರಕೆ ಬೆರಕೆ ಅಂತಿದ್ದೀರಿ. ನನ್ನ ಪ್ರಕಾರ ಗಾಣದ ಎಣ್ಣೆಯಲ್ಲಿ ಅದಕ್ಕಿಂತ ದೊಡ್ಡ ವಿಷಯ ಬೂಸ್ಟು. ರಿಫೈನ್ ಮಾಡುವಾಗ ಬೂಸ್ಟಿನ ವಿಷ ಅಫ್ಲಾಟಾಕ್ಸಿನ್ ಹೆಚ್ಚುಕಡಿಮೆ ಪೂರ್ತಿ ಹೋಗಿಬಿಡುತ್ತೆ. ಗಾಣದಲ್ಲಿ ಹೋಗಲ್ಲ. ಹೆಚ್ಚು ಪಾಲು ಹಿಂಡಿಯಲ್ಲಿ ಉಳಿದರೂ ಒಂದಿಷ್ಟು ಎಣ್ಣೆಗೂ ಬರುತ್ತೆ, ಮುಖ್ಯವಾಗಿ ಸಣ್ಣ ಪುಡಿಯ ಜೊತೆ. ಯಾರೂ ಏನೂ ಬೆರೆಸಿಲ್ಲ, ಆದರೂ ಎಣ್ಣೆ ಶುದ್ಧ ಅಲ್ಲ.
ಮಾಡಬೇಕಾದ್ದು ಬೇಸರದ ಕೆಲಸ. ಬೀಜವನ್ನ ತಟ್ಟೆಯಲ್ಲಿ ಹರಡಿ ಆರಿಸಬೇಕು. ಸುರುಟಿದ್ದು, ಕಪ್ಪಾದದ್ದು, ಹಸಿರು-ಹಳದಿ ಪುಡಿ ಹಿಡಿದದ್ದು, ಹುಳು ಕೊರೆದದ್ದು, ಒಡೆದು ಒಳಗೆ ಬಣ್ಣ ತಿರುಗಿದ್ದು ಎಲ್ಲಾ ಆಚೆ. ಮಳೆಗಾಲದಲ್ಲಿ ಚೀಲವನ್ನ ನೆಲಕ್ಕೆ ತಾಗಿಸದೆ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಬೇಕು. ಮಂಡಿಯಲ್ಲಿ "ಎಣ್ಣೆ ಬೀಜ" ಅಂತ ಅಗ್ಗಕ್ಕೆ ಕೊಡ್ತಾರಲ್ಲ, ಆರಿಸಿ ಬಿಸಾಕಿದ ಬೀಜವೇ ಅದು. ಹತ್ತಿಪ್ಪತ್ತು ರೂಪಾಯಿ ಕಡಿಮೆ ಅಂತ ತಗೊಂಡರೆ ಬೋರ್ಡಿನ "ಶುದ್ಧ" ಅಲ್ಲೇ ಮುಗೀತು.

ಗುರೆಳ್ಳು_ಹಿಂಡಿ:
ಆರಿಸಿದ ಹಾಳು ಬೀಜ ಏನ್ ಮಾಡೂದು? ಹಿಂಡಿಗೆ ಸೇರಿಸಿ ದನಕ್ಕ ಹಾಕ್ತಾರ ಮಂದಿ.

ಲ್ಯಾಬ್_ಬೆಂಚು:
ಹಾಕಲೇಬಾರದು ಸಾಹೇಬ್ರ. ಹಸು ತಿಂದ ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಬರುತ್ತೆ. ಹಾಲಿನಲ್ಲಿ ಅದಕ್ಕೆ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ, ಅಷ್ಟು ಸಣ್ಣ ಪ್ರಮಾಣವೇ ಕೆಟ್ಟದ್ದು. ಸುಟ್ಟುಹಾಕಿ, ಇಲ್ಲಾ ಆಳಕ್ಕೆ ಹೂಳಿ.

ಬಂಗುಡೆ_ಫ್ರೈ:
ಎಣ್ಣೆಯನ್ನು ಬಿಸಿಲಿಗೆ ಇಡ್ತಾರಲ್ಲ, ಅದು ಮಡ್ಡಿ ಇಳಿಯಲಿಕ್ಕೆ ಮಾತ್ರವಾ?

ಲ್ಯಾಬ್_ಬೆಂಚು:
ಒಳ್ಳೆ ಪ್ರಶ್ನೆ. ಬಿಸಿಲು ಕಡಲೆಕಾಯಿ ಎಣ್ಣೆಯ ಅಫ್ಲಾಟಾಕ್ಸಿನ್ ಒಡೆಯುತ್ತೆ ಅಂತ ಮೈಸೂರಿನ ಸಿಎಫ್‌ಟಿಆರ್‌ಐನವರು ಬಹಳ ಹಿಂದೆಯೇ ತೋರಿಸಿದ್ದಾರೆ. ಆದರೆ ಅದೇ ಬಿಸಿಲು ಎಣ್ಣೆಯನ್ನ ಬೇಗ ಕಮಟು ಹಿಡಿಸುತ್ತೆ. ಬಿಸಿಲಿದೆಯಲ್ಲ ಅಂತ ಬೀಜ ಆರಿಸೋದು ಬಿಟ್ಟರೆ ಕೆಟ್ಟಿರಿ. ಬಿಸಿಲಿಗೆ ಇಟ್ಟರೂ ಇಡದಿದ್ದರೂ ಮಡ್ಡಿ ಇಳಿಯೋಕ್ಕೆ ಮೂರ್ನಾಲ್ಕು ದಿನ ಅಲುಗಿಸದೆ ಬಿಡಿ, ಮೇಲಿನ ತಿಳಿಯನ್ನ ದಪ್ಪ ಹತ್ತಿ ಬಟ್ಟೆಯಲ್ಲಿ ಸೋಸಿ. ಸ್ಟೀಲ್ ಡ್ರಮ್ ಬಳಸಿ. ತಾಮ್ರ, ತುಕ್ಕು ಹಿಡಿದ ಕಬ್ಬಿಣ ಬೇಡ, ಎರಡೂ ಕಮಟನ್ನ ಬೇಗ ತರುತ್ತವೆ.

ಚೀಲ_ದಾರ:
ಮತ್ತೆ ಲೇಬಲ್ ಮೇಲೆ "12 ತಿಂಗಳೊಳಗೆ ಬಳಸಿ"?

ಬಾಗೆ_ಮರ:
ಅದು ರಿಫೈನ್ಡ್ ಪ್ಯಾಕೆಟ್ ನೋಡಿ ಕಾಪಿ ಹೊಡೆದದ್ದು. ಮಡ್ಡಿ ಸರಿಯಾಗಿ ಇಳಿಸದ ಗಾಣದೆಣ್ಣೆ ಮೂರು ತಿಂಗಳಿಗೇ ವಾಸನೆ ಬಿಡಬಹುದು. ಪ್ರತಿ ಡ್ರಮ್ಮಿನಿಂದ ಒಂದು ಬಾಟಲಿ ತೆಗೆದು ತಾರೀಕು ಹಾಕಿ ನಿಮ್ಮ ಅಂಗಡಿಯಲ್ಲೇ ಇಟ್ಕೊಳ್ಳಿ, ತಿಂಗಳಿಗೊಮ್ಮೆ ಮೂಸಿ ನೋಡಿ. ಎಷ್ಟು ತಿಂಗಳು ನಿಲ್ಲುತ್ತೋ ಅದಕ್ಕಿಂತ ಒಂದು ತಿಂಗಳು ಕಡಿಮೆ ಬರೀರಿ.

ಶರಣು_ಶರಣಾರ್ಥಿ:
ಹನ್ನೆರಡನೇ ಶತಮಾನದಲ್ಲೇ ಗಾಣದ ಕಣ್ಣಪ್ಪ ಅನ್ನೋ ಶರಣರಿದ್ದರು. ಗಾಣ ತಿರುಗಿಸೋದೂ ಕಾಯಕವೇ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ವಾಪಸ್ಸು ಸುರಿದು ಬನ್ನಿ ಅಂದವರು ಲಕ್ಕಮ್ಮನವರು. ನಡೆ ನುಡಿ ಒಂದಾಗಿರಬೇಕು. ಒಂದು ವಚನವನ್ನ ಬೋರ್ಡಿನ ಮೇಲೆ ಬರೆಸಿ, ಚೆನ್ನಾಗಿರುತ್ತೆ.

ಒಗ್ಗರಣೆ_ಸೌಟು:
ದಯವಿಟ್ಟು ಬೇಡ. ಗೋಡೆ ಮೇಲೆ ವಚನ, ಗೋಡೆ ಹಿಂದೆ ಪಾಮೋಲಿನ್ ಡಬ್ಬಿ. ಸಾಕಷ್ಟು ನೋಡಿದ್ದೀವಿ.

ಶರಣು_ಶರಣಾರ್ಥಿ:
ಅದು ವಚನದ ತಪ್ಪಲ್ಲವಲ್ಲ.

ಲೆಕ್ಕದ_ಪುಸ್ತಕ:
ಲಕ್ಕಮ್ಮನವರ ಉದಾಹರಣೆ ಇಲ್ಲಿಗೆ ಸರಿಯಾಗೇ ಹೊಂದುತ್ತೆ. ದಿನಾ ಎಷ್ಟು ಬರ್ತಿತ್ತು ಅನ್ನೋ ಲೆಕ್ಕ ಅವರ ಹತ್ತಿರ ಇತ್ತು, ಹೆಚ್ಚಾಗಿದ್ದು ತಕ್ಷಣ ಕಣ್ಣಿಗೆ ಬಿತ್ತು. ನಾನು ನೋಟ್‌ಬುಕ್ ಅಂತ ಬಡ್ಕೊಳ್ತಿರೋದೂ ಅದಕ್ಕೇ.

ಎಳ್ಳು_ಜೀರಿಗೆ:
ಒಂದೇ ಗಾಣದಲ್ಲಿ ಕಡಲೆಕಾಯಿ, ಎಳ್ಳು, ಕೊಬ್ಬರಿ ಮೂರೂ ತೆಗೀತೀರಿ ಅಂದಿರಿ. ಒಂದರದ್ದು ಇನ್ನೊಂದಕ್ಕೆ ಸೇರಲ್ವಾ? ಕಡಲೆಕಾಯಿ ಅಲರ್ಜಿ ಇರೋರು ಕೊಬ್ಬರಿ ಎಣ್ಣೆ ಅಂತ ತಗೊಂಡು ಹೋದರೆ?

ಬಾಗೆ_ಮರ:
ಸೇರುತ್ತೆ ಅಕ್ಕಾ. ಮರ ಎಣ್ಣೆ ಕುಡಿದಿರುತ್ತೆ, ಎಷ್ಟು ಕೆರೆದರೂ ಪೂರ್ತಿ ಹೋಗಲ್ಲ. ಬದಲಾಯಿಸುವಾಗ ಒರಳಿನ ತಳ, ಒನಕೆಯ ಕೆಳತುದಿ, ಎಣ್ಣೆ ಬರೋ ತೂಬು ಮೂರನ್ನೂ ಕೆರೆದು ಒಣ ಬಟ್ಟೆಯಲ್ಲಿ ಒರೆಸಬೇಕು. ನೀರು ಹಾಕಿ ತೊಳೆದರೆ ಮರ ಉಬ್ಬಿ ಬಿರುಕು ಬಿಡುತ್ತೆ, ಒಳಗೆ ಬೂಸ್ಟೂ ಹಿಡಿಯುತ್ತೆ. ಆಮೇಲೆ ಹೊಸ ಬೀಜದ ಒಂದೆರಡು ಕೆಜಿ ಹಾಕಿ ತಿರುಗಿಸಿ, ಆ ಮೊದಲ ಎಣ್ಣೆಯನ್ನ ದೀಪದ ಎಣ್ಣೆ ಡಬ್ಬಿಗೆ ಸುರೀಬೇಕು. ಡಬ್ಬಿ ಮೇಲೆ "ದೀಪಕ್ಕೆ ಮಾತ್ರ" ಅಂತ ಇರಲಿ.
ಅಲರ್ಜಿ ಇರೋರಿಗೆ ಇಷ್ಟೂ ಸಾಲದು. "ಕಡಲೆಕಾಯಿ ಹಿಂಡುವ ಗಾಣದಲ್ಲೇ ತೆಗೆದದ್ದು" ಅಂತ ಕೊಬ್ಬರಿ ಎಣ್ಣೆ ಬಾಟಲಿ ಮೇಲೆ ಅಚ್ಚು ಹಾಕಿಸಬೇಕು. ಒಂದಿಬ್ಬರು ಗಿರಾಕಿ ಹೋಗಬಹುದು, ಹೋಗಲಿ.

ಕಂಟ್ರಾಕ್ಟ್_ಕಾಕಾ:
ಕೊಬ್ಬರಿಗೆ ಗಂಧಕದ ಹೊಗೆ ಹಾಕಿರೋದನ್ನೂ ಬರೆಸಿ ಮತ್ತೆ! ಬೆಳ್ಳಗಿರಲಿ, ಬೂಸ್ಟು ಬರದಿರಲಿ ಅಂತ ಎಷ್ಟೋ ಕಡೆ ಹಾಕ್ತಾರೆ.

ಬಾಗೆ_ಮರ:
ಕಾಕಾ ಈ ಸಲ ಸರಿಯಾದ ಕಡೆ ಹೊಡೆದರು. ಗಂಧಕ ಹಾಕದ ಕೊಬ್ಬರಿ ಸ್ವಲ್ಪ ಕಂದು ಬಣ್ಣ ಇರುತ್ತೆ. ಮುರಿದು ಮೂಸಿದರೆ ಪಟಾಕಿ ವಾಸನೆ ಬಂದರೆ ತಗೊಳ್ಳಬೇಡಿ. ಚೆನ್ನಾಗಿ ಒಣಗಿದ್ದರೆ, ತೇವ ಶೇ. 6ರ ಆಸುಪಾಸು ಇದ್ದರೆ ಗಂಧಕವೇ ಬೇಕಾಗಲ್ಲ. ಕೊಬ್ಬರಿಯಲ್ಲಿ ಲೀಟರಿಗೆ ಸುಮಾರು 1.7 ಕೆಜಿ ಲೆಕ್ಕ. ತಿಪಟೂರಿನ ಉಂಡೆ ಕೊಬ್ಬರಿ ತಿನ್ನೋಕ್ಕೆ ಹೋಗೋ ಮಾಲು, ರೇಟು ಜಾಸ್ತಿ. "ತಿಪಟೂರು ಉಂಡೆ ಕೊಬ್ಬರಿ ಎಣ್ಣೆ" ಅಂತ ಬೋರ್ಡ್ ಹಾಕಿ ಅಗ್ಗಕ್ಕೆ ಕೊಡ್ತಿದ್ದರೆ ಮತ್ತೆ ಅದೇ ಕೂಡು-ಕಳೆಯೋ ಲೆಕ್ಕ ಹಾಕಿ.

ಗಾಣದ_ಬಾಗಿಲು:
ಎಲ್ಲರಿಗೂ ವಂದನೆ. ಸದ್ಯಕ್ಕೆ ಪೇಂಟರ್‌ಗೆ ಕೊಡೋದು ಇಷ್ಟು: "ಮರದ ಗಾಣ. ಹೊರಗಿನ ಶಾಖ ಕೊಡುವುದಿಲ್ಲ. ರಾಸಾಯನಿಕ ಬಳಸದೆ ತೆಗೆದ ಎಣ್ಣೆ. ಲೆಕ್ಕದ ಪುಸ್ತಕ ಕೌಂಟರಿನಲ್ಲಿದೆ." ಬೀಜದ ಊರು, ತಳಿ, ದಿನದ ರೇಟು ಸ್ಲೇಟಿನಲ್ಲಿ. ಎಳ್ಳೆಣ್ಣೆ ಬಾಟಲಿಗೆ ಬೆಲ್ಲದ ಸಾಲು, ಕೊಬ್ಬರಿ ಎಣ್ಣೆಗೆ ಕಡಲೆಕಾಯಿ ಗಾಣದ ಸಾಲು.
ಜನ ಮನೆಯಿಂದ ಬಾಟಲಿ ತಂದು ತುಂಬಿಸಿಕೊಂಡು ಹೋಗ್ತಾರೆ, ಅದು ಹೇಗೆ?

ಕಾಯ್ದೆ_ಕಟ್ಟು:
ಅಲ್ಲೊಂದು ತೊಡಕಿದೆ. ಖಾದ್ಯ ಎಣ್ಣೆಯನ್ನ ಬಿಡಿಯಾಗಿ, ಸೀಲ್ ಇಲ್ಲದೆ ಮಾರೋದು ನಿಯಮಕ್ಕೆ ವಿರುದ್ಧ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರಿಶಿನ ದತ್ತೂರಿ ಗಿಡದ, ಅಂದರೆ ಆರ್ಜಿಮೋನ್ ಎಣ್ಣೆ ಬೆರೆತು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಬಿಡಿ ಎಣ್ಣೆ ಅಂದರೆ ಇಲಾಖೆಗೆ ಈಗಲೂ ಅನುಮಾನ ಇರೋದು ಸುಮ್ಮನೆ ಅಲ್ಲ. ಗಿರಾಕಿ ತನ್ನದೇ ಬೀಜ ತಂದು ಹಿಂಡಿಸಿಕೊಂಡು ಹೋದರೆ ಅದು ಕೂಲಿ ಕೆಲಸ, ಬೇರೆ ಲೆಕ್ಕ. ನೀವು ಮಾರೋದಾದರೆ ಸೀಲ್ ಮಾಡಿದ ಬಾಟಲಿ, ಎಫ್‌ಎಸ್‌ಎಸ್‌ಎಐ ನಂಬರು, ತಯಾರಿ ತಾರೀಕು, ಎಂಆರ್‌ಪಿ, ವಿಳಾಸ.

ಗುರೆಳ್ಳು_ಹಿಂಡಿ:
ಅದನ್ನ ಪಾಲಿಸಿದ್ರ ಹಳ್ಳ್ಯಾಗ ಒಂದ್ ಗಾಣಾನೂ ನಡಿಯಂಗಿಲ್ಲ ಬಿಡ್ರಿ. ಕಾಲು ಲೀಟರ್ ತಗೊಳ್ಳಾಕ ಬರೂ ಅಜ್ಜಿಗೆ ಸೀಲ್ ಬಾಟ್ಲಿ ಕೊಡ್ಬೇಕಾ?

ಕಾಯ್ದೆ_ಕಟ್ಟು:
ಕೊಡಬಹುದಲ್ಲ, ಕಾಲು ಲೀಟರಿನ ಬಾಟಲಿಯೂ ಸಿಗುತ್ತೆ. ಇಲ್ಲಿ ಇಷ್ಟೊತ್ತು ಮಾತಾಡಿದ್ದು ಬರೆಸಿದ ಹಾಗೆ ನಡೆಯೋದರ ಬಗ್ಗೆ. ಲೈಸೆನ್ಸಿಗೆ ಸಹಿ ಹಾಕುವಾಗ ಕೊಟ್ಟದ್ದೂ ಮಾತೇ ತಾನೇ?

ಗುರೆಳ್ಳು_ಹಿಂಡಿ:
ಹ್ಞೂಂ. ಇದಕ್ಕ ಉತ್ತರ ನಾಳೆ ಕೊಡ್ತೀನಿ 🙂

ಚೀಲ_ದಾರ:
ಅಳತೆ ಬಗ್ಗೆ ಯಾರೂ ಹೇಳಲಿಲ್ಲ. ಕೆಲವರು ಲೀಟರ್ ಅಂತಾರೆ, ಕೆಲವರು ಕೆಜಿ ಅಂತಾರೆ, ರೇಟು ಹೋಲಿಸೋದು ಹೇಗೆ?

ಲೆಕ್ಕದ_ಪುಸ್ತಕ:
ಕಡಲೆಕಾಯಿ ಎಣ್ಣೆ 1 ಲೀಟರ್ ಅಂದರೆ ಸುಮಾರು 910 ಗ್ರಾಂ. 1 ಕೆಜಿ ಅಂದರೆ 1.1 ಲೀಟರ್. ಲೀಟರಿಗೆ 300, ಕೆಜಿಗೆ 330 ಎರಡೂ ಒಂದೇ ರೇಟು. ಕೆಜಿ ರೇಟು ಹೇಳಿ ಲೀಟರ್ ಬಾಟಲಿ ಕೊಡೋರ ಹತ್ತಿರ ಲೀಟರಿಗೆ 30 ರೂಪಾಯಿ ಕಳ್ಕೊಳ್ತೀರಿ. ದೊಡ್ಡ ಕಂಪನಿಗಳೂ ಬಿಸಿ ಎಣ್ಣೆಯ ಅಳತೆ ಅಂತ ತಾಪಮಾನ ಬರೆದು ತೂಕ ಕಡಿಮೆ ಮಾಡ್ತಿದ್ದವು. ತಾಪಮಾನ ಬರೀಬೇಡಿ, ಲೀಟರ್ ಜೊತೆಗೆ ತೂಕವನ್ನೂ ಹಾಕಿ ಅಂತ ಕೇಂದ್ರ 2022ರಲ್ಲಿ ಸೂಚನೆ ಕೊಟ್ಟಿತು.
ಗಾಣದ_ಬಾಗಿಲು ಅವರೇ, ಖಾಲಿ ಬಾಟಲಿ ಮುಚ್ಚಳ ಸಮೇತ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, 910 ಗ್ರಾಂ ಬರೋವರೆಗೆ ತುಂಬಿ. ಬಾಟಲಿ ಕತ್ತಿನ ಗೆರೆ ನಂಬಬೇಡಿ, ಪ್ಲಾಸ್ಟಿಕ್ ಬಾಟಲಿ ಒಂದರಂತೆ ಒಂದು ಇರಲ್ಲ. ತಕ್ಕಡಿಗೆ ತೂಕ-ಅಳತೆ ಇಲಾಖೆಯ ಮುದ್ರೆ ಇದೆಯಾ, ಅವಧಿ ಮುಗಿದಿದೆಯಾ ನೋಡ್ಕೊಳ್ಳಿ.

ಎಳ್ಳು_ಜೀರಿಗೆ:
ಎಳ್ಳೆಣ್ಣೆಗೂ 910 ಏನಾ?

ಲೆಕ್ಕದ_ಪುಸ್ತಕ:
ಎಳ್ಳಿಗೆ 915-920 ಹಿಡೀರಿ. ಕೊಬ್ಬರಿ ಎಣ್ಣೆ ಗಟ್ಟಿಯಾಗಿದ್ದಾಗ ತುಂಬಬೇಡಿ, ಮಧ್ಯೆ ಗಾಳಿ ನಿಲ್ಲುತ್ತೆ. ಕರಗಿಸಿ ತುಂಬಿ.